ಗಾಳಿ ತಗ್ಗಿದ ಮೇಲೆ ಬಂದ ಕಡಲು

2019ರ ಅಕ್ಟೋಬರ್ ಕೊನೆಯ ವಾರದಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದ ‘ಕ್ಯಾರ್’ ಚಂಡಮಾರುತ ನಮ್ಮ ತೀರಕ್ಕೆ ಬಂದು ಅಪ್ಪಳಿಸಲಿಲ್ಲ. ಆದರೂ ಗಂಗೊಳ್ಳಿಯ ಉತ್ತರಕ್ಕಿರುವ ನಮ್ಮ ಸಣ್ಣ ಊರಿನಲ್ಲಿ ನಾನು ಒಂದು ಬಲೆಯನ್ನು ಕಳೆದುಕೊಂಡೆ. ದೋಣಿ ಉಳಿಯಿತು. ತಪ್ಪು ಗಾಳಿಯದ್ದಲ್ಲ, ನನ್ನ ಲೆಕ್ಕದ್ದು.

ಕಡಲಿಗೆ ಇಳಿಯಬಾರದೆಂಬ ಸೂಚನೆ ಬಂದ ದಿನವೇ ಎಂಟು ಮಂದಿ ಸೇರಿ ಫೈಬರ್ ದೋಣಿಯನ್ನು ಗಾಳಿಮರದ ದಿಮ್ಮಿಗಳ ಮೇಲೆ ಉರುಳಿಸುತ್ತಾ, ಮಳೆಗಾಲದಲ್ಲಿ ನಿಲ್ಲಿಸುವ ಜಾಗಕ್ಕಿಂತಲೂ ಮೇಲಕ್ಕೆ ಎಳೆದೆವು. ಎಂಜಿನ್ ಕಳಚಿ ಮನೆಗೆ ಸಾಗಿಸಿದೆವು. ಮಳೆನೀರು ತುಂಬಿ ದೋಣಿ ಭಾರವಾಗದಿರಲೆಂದು ತಳದ ಬಿರಡೆಯನ್ನು ತೆಗೆದಿಟ್ಟು, ಪಕ್ಕದ ದೋಣಿಗೆ ಬಡಿಯದಂತೆ ನಡುವೆ ಹಳೆಯ ಟಯರುಗಳನ್ನು ಇಳಿಬಿಟ್ಟೆವು. ಹಗ್ಗವನ್ನು ತೆಂಗಿನ ಮರಕ್ಕೆ ಕಟ್ಟುವುದು ರೂಢಿ. ಆದರೆ ಕಡಲ್ಕೊರೆತದಿಂದ ಆ ಸಾಲಿನ ಮರಗಳ ಬೇರು ಹೊರಬಿದ್ದಿದ್ದವು. ಮರವೇ ಹೋದರೆ ದೋಣಿಯೂ ಅದರ ಹಿಂದೆ ಹೋಗುತ್ತದೆ. ಆದ್ದರಿಂದ ಸೊಂಟದಾಳದ ಗುಂಡಿ ತೋಡಿ, ಲಂಗರನ್ನು ಹೂತು, ಅದಕ್ಕೇ ಬಿಗಿದೆವು.

ಎರಡು ದಿನ ಬೀಸಿದ ಗಾಳಿ, ಕ್ಯಾರ್ ಪಶ್ಚಿಮದತ್ತ ಸರಿದಂತೆ ತಗ್ಗಿತು. 27ರಂದು ದೀಪಾವಳಿ. ಆಕಾಶ ತಿಳಿಯಾದುದನ್ನು ಕಂಡು, ಬಲೆಯನ್ನು ತೀರದ ಬಲೆಕೊಟ್ಟಿಗೆಯಲ್ಲಿಯೇ ಬಿಟ್ಟು ಹಬ್ಬಕ್ಕೆ ಹೋದೆ. ಅತ್ತ ನಡುಗಡಲಿನಲ್ಲಿ ಅದೇ ದಿನ ಕ್ಯಾರ್ ಸೂಪರ್ ಸೈಕ್ಲೋನ್ ಆಗಿ ಬೆಳೆದಿತ್ತು. 2007ರ ‘ಗೋನು’ ಚಂಡಮಾರುತದ ನಂತರ ಅರಬ್ಬಿ ಸಮುದ್ರ ಅಂಥದ್ದನ್ನು ಕಂಡಿರಲಿಲ್ಲ. ಚಂಡಮಾರುತ ಎಬ್ಬಿಸಿದ ಉದ್ದನೆಯ ತೆರೆಗಳು ಗಾಳಿಯ ನೆರವಿಲ್ಲದೆಯೇ ನೂರಾರು ಕಿಲೋಮೀಟರ್ ಸಾಗಿ ಬರುತ್ತವೆ ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ಮರುದಿನ ಅಮಾವಾಸ್ಯೆ, ಆ ಹೊತ್ತಿನ ಭರತ, ಅಂದರೆ ಕಡಲಿನ ಉಬ್ಬರ, ಮಾಮೂಲಿಗಿಂತ ಎತ್ತರ ಏರುತ್ತದೆ ಎಂಬುದನ್ನು ಅದರೊಡನೆ ಕೂಡಿಸಿ ನೋಡಲಿಲ್ಲ. ರಾತ್ರಿಯ ಭರತದಲ್ಲಿ ನೀರು ಕೊಟ್ಟಿಗೆಗೆ ನುಗ್ಗಿತು. ಬೆಳಿಗ್ಗೆ ಸಿಕ್ಕಿದ ಬಲೆಯೆಂದರೆ ಕಲ್ಲಿಗೆ ಸುತ್ತಿಕೊಂಡ ಹರಕು ನೈಲಾನ್ ಮತ್ತು ಒಂದಷ್ಟು ತೇಲುಬುರುಡೆಗಳು.

ದೊಡ್ಡಪ್ಪ ಬಂದು ನೋಡಿ ಬೈಯಲಿಲ್ಲ. ನನ್ನನ್ನು ದಡದಲ್ಲಿ ಕೂರಿಸಿಕೊಂಡು, ಒಂದು ತೆರೆ ಒಡೆದು ಮುಂದಿನದು ಒಡೆಯುವವರೆಗೆ ಎಣಿಸು ಎಂದರು. ಊರಿನ ಗಾಳಿ ಎಬ್ಬಿಸುವ ತೆರೆಗಳಾದರೆ ಆರೇಳು ಎಣಿಸುವಷ್ಟರಲ್ಲಿ ಮುಂದಿನದು ಬರುತ್ತದೆ. ಅಂದು ಹದಿನಾಲ್ಕು, ಹದಿನೈದರವರೆಗೂ ಎಣಿಸಿದೆ. ಅಂತರ ಹೆಚ್ಚಿದಷ್ಟೂ ತೆರೆ ದಡದ ಮೇಲೆ ಹೆಚ್ಚು ದೂರ ಹತ್ತುತ್ತದೆ. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಹೊರಡಿಸುವ ಅಲೆ ಮುನ್ಸೂಚನೆಯಲ್ಲಿಯೂ ಅಲೆಯ ಎತ್ತರದ ಜೊತೆಗೆ ಸೆಕೆಂಡುಗಳ ಲೆಕ್ಕವಿರುತ್ತದೆ. ನಾನು ಅಲ್ಲಿಯವರೆಗೆ ಎತ್ತರವನ್ನಷ್ಟೇ ಓದುತ್ತಿದ್ದೆ.

ಅದೇ ವಾರ ಲಕ್ಷದ್ವೀಪದ ಕಡೆ ‘ಮಹಾ’ ಚಂಡಮಾರುತ ಎದ್ದಿತು. ಈ ಬಾರಿ ಉಳಿದಿದ್ದ ಇನ್ನೊಂದು ಬಲೆಯನ್ನು ಮನೆಯ ಜಗಲಿಗೇ ತಂದು ರಾಶಿ ಹಾಕಿದೆ. ಹಬ್ಬಕ್ಕೆಂದು ಸಾರಿಸಿದ ಜಗಲಿಯಲ್ಲಿ ಬಂಗುಡೆಯ ವಾಸನೆ ಹೋಗಲು ಎಷ್ಟು ದಿನ ಹಿಡಿಯಿತೆಂದು ನನ್ನ ಹೆಂಡತಿ ಈಗಲೂ ಲೆಕ್ಕ ಹೇಳುತ್ತಾಳೆ.