ಹಗಲು ನನ್ನದು

ಮೊಮ್ಮಕ್ಕಳನ್ನು ಎತ್ತಿ ಮುದ್ದು ಮಾಡಿ, ಅಳಲಿಕ್ಕೆ ಶುರು ಮಾಡಿದ ಕೂಡಲೇ ತಾಯಿಯ ಕೈಗೆ ಕೊಟ್ಟುಬಿಡುವ ಅಜ್ಜಿಯರಿದ್ದಾರೆ. ಅದೂ ಒಂದು ಸುಖವೇ, ಬೇಡ ಅನ್ನುವುದಿಲ್ಲ. ನಾನು ಆ ಪೈಕಿ ಅಲ್ಲ. ನನ್ನ ಪುಳ್ಳಿಯನ್ನು, ಅಂದರೆ ಮೊಮ್ಮಗಳನ್ನು, ಮೀಯಿಸುವುದು, ಉಣಿಸುವುದು, ಕುಂಡೆ ತೊಳೆಯುವುದು, ಮಧ್ಯಾಹ್ನ ಮಲಗಿಸುವುದು, ಜ್ವರ ಬಂದರೆ ಮದ್ದು ಕುಡಿಸುವುದು ಎಲ್ಲ ಹಗಲು ಹೊತ್ತಿನಲ್ಲಿ ನನ್ನ ಕೆಲಸ. ಈಗ ಅವಳಿಗೆ ನಾಲ್ಕು ದಾಟಿದೆ. ನನಗೆ ಖುಷಿ ಸಿಕ್ಕಿದ್ದು ಈ ಕೆಲಸಗಳಲ್ಲೇ. ಮುದ್ದು ಅದರ ಜೊತೆಗೆ ಬಂತು ಅಷ್ಟೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ಮನೆ. ಮಗನಿಗೆ ಮಂಗಳೂರಿನಲ್ಲಿ ಕೆಲಸ. ಬೆಳಗ್ಗೆ ರೈಲು ಹತ್ತಿದರೆ ಬರುವಾಗ ಕತ್ತಲೆ. ಸೊಸೆ ಹೊಸದುರ್ಗ ಅಂದರೆ ಕಾಞಂಗಾಡಿನ ಕಡೆಯವಳು, ಮನೆಮಾತು ಮಲಯಾಳ, ಕೆಲಸ ನರ್ಸಿನದ್ದು. ಅವಳ 26 ವಾರದ ಹೆರಿಗೆ ರಜೆ ಮುಗಿಯುವುದಕ್ಕೂ ಕೂಸಿಗೆ ಎದೆಹಾಲಿನ ಜೊತೆ ಬೇರೆ ಆಹಾರ ಶುರು ಮಾಡುವುದಕ್ಕೂ ಸರಿಹೋಯಿತು. ಹಾಗಾಗಿ ಮೊದಲ ತುತ್ತಿನಿಂದಲೇ ನಾನು ಇದ್ದೆ.

ಸೊಸೆ ಡ್ಯೂಟಿಗೆ ಹೊರಡುವ ಮುಂಚಿನ ದಿನ ಇಬ್ಬರೂ ಕೂತು ಒಂದು ಮಾತು ಮಾಡಿಕೊಂಡೆವು. "ಏನು ಕೊಡಬೇಕು, ಏನು ಬೇಡ ಅಂತ ನೀನು ಹೇಳು. ಹೇಗೆ ಕೊಡುವುದು ಅಂತ ನನಗೆ ಬಿಡು." ಅಜ್ಜಿಯಾಗುವವರಿಗೆ ನಾನು ಹೇಳುವುದಿದ್ದರೆ ಇದೊಂದೇ. ತೀರ್ಮಾನ ಅಪ್ಪ ಅಮ್ಮನದ್ದು ಅಂತ ಒಪ್ಪಿಕೊಂಡರೆ ತಲೆಯ ಮೇಲಿನ ದೊಡ್ಡ ಹೊರೆ ಇಳಿಯುತ್ತದೆ. ನನ್ನ ಮಕ್ಕಳು ಸಣ್ಣವರಿದ್ದಾಗ ಕೂಲಿಯಾಳುಗಳಿಗೆ ಅಡಿಗೆ, ಹಟ್ಟಿ ಕೆಲಸ, ಅತ್ತೆ ಮಾವನ ಆರೈಕೆ ಎಲ್ಲದರ ನಡುವೆ ಮಕ್ಕಳು ಹೇಗೋ ಬೆಳೆದರು. ಈಗ ಒಂದು ಮಗು ಕೈಯಲ್ಲಿ ಅನ್ನ ಹಿಚುಕುವುದನ್ನು ಕಾಲು ಗಂಟೆ ನೋಡುತ್ತಾ ಕೂರಲಿಕ್ಕೆ ಪುರುಸೊತ್ತಿದೆ.

ಸೊಸೆ ಹೇಳಿದ ಮೊದಲ ಬೇಡ: "ಅಮ್ಮೇ, ಒಂದು ವರ್ಷ ಆಗುವವರೆಗೆ ಜೇನು ಬೇಡ." ನಮ್ಮಲ್ಲಿ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ಕ್ರಮ ಇತ್ತು. ಜೇನಿನಲ್ಲಿ ಕೆಲವೊಮ್ಮೆ ಒಂದು ರೋಗಾಣು ಇರುತ್ತದಂತೆ, ಅಷ್ಟು ಸಣ್ಣ ಮಗುವಿನ ಕರುಳಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲವಂತೆ. ಸರಿ, ಬಜೆಯನ್ನೂ ಬಿಟ್ಟೆವು. ಎಣ್ಣೆ ಹಚ್ಚಿ ಮೀಯಿಸಬಹುದು, ಆದರೆ ಕಿವಿಗೆ ಮೂಗಿಗೆ ಎಣ್ಣೆ ಬಿಡಬಾರದು. "ನಾವೆಲ್ಲ ಅದನ್ನೇ ತಿಂದು ಬೆಳೆಯಲಿಲ್ವಾ" ಅಂತ ನೆರೆಕರೆಯವರು ಹೇಳಿದರು. ಬದುಕಿ ಉಳಿದವರು ಮಾತ್ರ ಆ ಮಾತು ಹೇಳಲಿಕ್ಕೆ ಬರುತ್ತಾರೆ, ಅಲ್ವಾ?

ರಾಗಿ ಮಣ್ಣಿ ಅನ್ನುವ ಗಂಜಿಗೆ ಮಾತ್ರ ಸೊಸೆ ತಕ್ಷಣ ಒಪ್ಪಿದಳು. ರಾತ್ರಿ ನೆನೆಹಾಕಿದ ರಾಗಿಯನ್ನು ನುಣ್ಣಗೆ ಅರೆದು, ತೆಳು ಬೈರಾಸಿನಲ್ಲಿ ಸೋಸಿ, ಆ ಹಾಲನ್ನು ಸಣ್ಣ ಬೆಂಕಿಯಲ್ಲಿ ಕೈ ಬಿಡದೆ ತಿರುವಬೇಕು. ಒಮ್ಮೆಲೇ ದಪ್ಪ ಆಗುತ್ತದೆ, ಆಗ ಬಿಟ್ಟರೆ ಗಂಟು. ಅಂಗನವಾಡಿಯಿಂದ ಸಿಗುವ ಅಮೃತಂ ಪುಡಿಯನ್ನೂ ಬೇಯಿಸಿ ಕೊಡುತ್ತಿದ್ದೆ. ಕುಟುಂಬಶ್ರೀ ಅನ್ನುವ ಕೇರಳದ ಸ್ವಸಹಾಯ ಸಂಘದ ಹೆಂಗಸರು ಮಾಡುವ ಪುಡಿ ಅದು. ಗೋಧಿ, ಕಡ್ಲೆಬೇಳೆ, ಸೋಯಾ, ನೆಲಕಡ್ಲೆ, ಸಕ್ಕರೆ ಎಲ್ಲ ಇರುತ್ತದೆ. ಮೂರು ವರ್ಷದವರೆಗೆ ಕೊಡುತ್ತಾರೆ.

ತೋಟದ ಮನೆಯಲ್ಲಿ ಮಗು ನಡೆಯಲಿಕ್ಕೆ ಶುರು ಮಾಡಿದರೆ ಬೇರೆ ಕಣ್ಣು ಬೇಕು. ಅವಳು ಗೋಡೆ ಹಿಡಿದು ನಿಂತ ವಾರವೇ ಕೆರೆಗೆ ಬೇಲಿ ಹಾಕಿಸಿದೆ. ಅಡಿಕೆಯ ಕೊಳೆರೋಗಕ್ಕೆ ತಂದ ಮೈಲುತುತ್ತು ಬೀಗ ಹಾಕಿದ ಕೋಣೆಗೆ ಹೋಯಿತು. ನೀಲಿ ಬಣ್ಣ, ಹೊಳೆಯುತ್ತದೆ, ಮಕ್ಕಳು ಕಲ್ಲುಸಕ್ಕರೆ ಅಂದುಕೊಂಡರೂ ಅಂದುಕೊಂಡಾರು. ನನ್ನ ಬಿಪಿ ಮಾತ್ರೆ ನಾಗಂದಿಗೆಗೆ ಏರಿತು. ಅಜ್ಜಿಯ ಮಾತ್ರೆ ಮಕ್ಕಳಿಗೆ ದೊಡ್ಡ ಅಪಾಯ ಅಂತ ಸೊಸೆ ಹೇಳುತ್ತಾಳೆ. ಈಗ ಅದನ್ನು ತೆಗೆಯಲಿಕ್ಕೆ ನಾನೇ ಸ್ಟೂಲು ಹುಡುಕಬೇಕು!

ಮಾತಿನ ವಿಷಯಕ್ಕೆ ಬಂದರೆ, ನಾನು ಅವಳ ಹತ್ತಿರ ಕನ್ನಡ ಬಿಟ್ಟು ಬೇರೆ ಮಾತಾಡುವುದಿಲ್ಲ. ತಾಯಿ ಮಲಯಾಳ, ತೋಟಕ್ಕೆ ಬರುವವರು ತುಳು. ಮಗುವಿಗೆ ತಲೆ ಗೊಂದಲ ಆಗುತ್ತದೆ ಅಂತ ಹೆದರಿಸಿದವರಿದ್ದಾರೆ. ಗೊಂದಲ ಆದದ್ದು ಅವರಿಗೆ, ಮಗುವಿಗಲ್ಲ. ಯಾರ ಮುಖ ಕಂಡರೆ ಯಾವ ಭಾಷೆ ಅಂತ ಅವಳು ಬೇಗ ಲೆಕ್ಕ ಹಾಕಿಕೊಂಡಳು. ನನ್ನ ಮಲಯಾಳ ಬಸ್ಸಿಗೂ ಅಂಗಡಿಗೂ ಸಾಕು, ಅದರಾಚೆ ನಡೆಯುವುದಿಲ್ಲ. ಅವಳ ಅಮ್ಮಮ್ಮ ಹೊಸದುರ್ಗದಿಂದ ಬಂದರೆ ನಾವಿಬ್ಬರು ಹೆಂಗಸರು ಜಗಲಿಯಲ್ಲಿ ಕೂತು ಬರೀ ನಗಾಡುತ್ತಿದ್ದೆವು. ಈಗ ನಡುವೆ ದುಬಾಷಿ ಕೂತಿರುತ್ತಾಳೆ. ಅವಳಿಗೆ ಬೇಡದ ಮಾತನ್ನು ದಾಟಿಸುವುದಿಲ್ಲ. "ಸಕ್ಕರೆ ಜಾಸ್ತಿ ಕೊಡಬೇಡಿ" ಅಂದದ್ದು ಈವರೆಗೆ ಅಮ್ಮಮ್ಮನಿಗೆ ತಲುಪಿಲ್ಲ.

ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ನಾನು ಹುಟ್ಟಿದ್ದು ಆಮೇಲೆ, ಆದರೂ ಕಲಿತದ್ದೆಲ್ಲ ಕನ್ನಡ ಶಾಲೆಯಲ್ಲಿ. ನನ್ನಿಂದ ಕೇಳದಿದ್ದರೆ ಈ ಕೂಸು ಇನ್ನು ಯಾರಿಂದ ಕೇಳೀತು? ಇದು ಅಭಿಮಾನದ ಮಾತು ಅಂತ ಬೇಕಾದರೆ ಹೇಳಿ. ನನಗೆ ಮೊದಲಿಗೆ ಅವಳ ಹತ್ತಿರ ಪಟ್ಟಾಂಗ ಹೊಡೆಯಬೇಕು, ಅದಕ್ಕೆ ನನ್ನ ಭಾಷೆ ಬೇಕು.

ಪಟ್ಟಾಂಗಕ್ಕೆ ಒಳ್ಳೆಯ ಸಮಯ ಹಪ್ಪಳದ ದಿನಗಳು. ಬೆಳೆದ ಹಲಸಿನ ಸೊಳೆ ಬೇಯಿಸಿ, ಮೆಣಸು ಉಪ್ಪು ಹಾಕಿ ಅರೆದು, ಉಂಡೆ ಮಾಡಿ ಇಟ್ಟರೆ ಅವಳ ಕೆಲಸ ಶುರು. ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯ ನಡುವೆ ಇಡಬೇಕು. ನಾನು ಮಣೆ ಒತ್ತಿದ ಮೇಲೆ ಅವಳು ಅದರ ಮೇಲೆ ಕೂತು ಇನ್ನೊಮ್ಮೆ ಒತ್ತುತ್ತಾಳೆ. ಮೂರು ಉಂಡೆಗೊಂದು ಬಾಯಿಗೆ. ಖಾರ ಹಾಕದ ಹಿಟ್ಟನ್ನು ಅವಳಿಗೇ ಬೇರೆ ಇಟ್ಟು, ಮಧ್ಯದಲ್ಲಿ ಹೊಂಡ ಮಾಡಿ ತೆಂಗಿನೆಣ್ಣೆ ಬಿಟ್ಟು ಕೊಡುತ್ತೇನೆ. ಮೊಣಕೈವರೆಗೆ ಎಣ್ಣೆ ಇಳಿಯುತ್ತದೆ. ಚಾಪೆಯಲ್ಲಿ ಹರಡಿದ ಹಪ್ಪಳಕ್ಕೆ ಕಾಗೆ ಬಾರದ ಹಾಗೆ ನೋಡುವುದೂ ಅವಳೇ. ಕಾಗೆಗಿಂತ ಇವಳೇ ಹೆಚ್ಚು ತಿನ್ನುತ್ತಾಳೆ ಅನ್ನುವುದು ಬೇರೆ ವಿಷಯ.

ಅಂಥದ್ದೇ ಒಂದು ದಿನ ಬಬಿಯಾನ ಮಾತು ಬಂತು. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯಲ್ಲಿ ಇದ್ದ ಮೊಸಳೆ, ನೈವೇದ್ಯದ ಅನ್ನ ತಿನ್ನುತ್ತಿದ್ದದ್ದು, 2022ರಲ್ಲಿ ಸತ್ತಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. "ಸತ್ತದ್ದು ಅಂದ್ರೆ ಏನು ಅಜ್ಜಿ?" ಮಲಗಿತು, ದೂರ ಹೋಯಿತು ಅಂತೆಲ್ಲ ಹೇಳಲಿಕ್ಕೆ ನನಗೆ ಮನಸ್ಸಿಲ್ಲ. ಆಮೇಲೆ ಮಗು ಮಲಗಲಿಕ್ಕೇ ಹೆದರಿದರೆ? ತಿನ್ನುವುದು, ಉಸಿರಾಡುವುದು ನಿಂತುಹೋಯಿತು, ಇನ್ನು ಬರುವುದಿಲ್ಲ ಅಂದೆ.

"ನೀನೂ ಸಾಯುತ್ತೀಯಾ?"

"ಹೌದು. ಆದರೆ ಇವತ್ತಲ್ಲ. ಇವತ್ತು ಹಪ್ಪಳ ಒಣಗಿಸಲಿಕ್ಕಿದೆ."

"ನಾಳೆ?"

"ನಾಳೆ ಮಗುಚಿ ಹಾಕಲಿಕ್ಕಿದೆ."

ಸಾಕಾಯಿತು ಅವಳಿಗೆ. ಇನ್ನೊಂದು ಉಂಡೆ ಕೇಳಿದಳು.

ಮಧೂರು ದೇವಸ್ಥಾನದಲ್ಲಿ 1992ರಲ್ಲಿ ಗಣಪತಿಗೆ ಮೂಡಪ್ಪ ಸೇವೆ ಅನ್ನುವ ದೊಡ್ಡ ಉತ್ಸವ ಆದಾಗ ಮಗ ನನ್ನ ಸೊಂಟದಲ್ಲಿದ್ದ. ಜನ, ಗದ್ದಲ, ಮನೆಯಲ್ಲಿ ತುಂಬಿದ ನೆಂಟರ ಅಡಿಗೆಯ ಯೋಚನೆ, ಇಷ್ಟೇ ನನಗೆ ನೆನಪು. 2025ರಲ್ಲಿ ಮತ್ತೆ ಆದಾಗ ಪುಳ್ಳಿಯ ಕೈ ಹಿಡಿದು ಹೋದೆ. ಅವಳು ಪ್ರತಿ ಕಂಬಕ್ಕೂ ನಿಂತಳು, ನಾನೂ ನಿಂತೆ. ಆ ದೇವಸ್ಥಾನವನ್ನು ಸರಿಯಾಗಿ ನೋಡಿದ್ದು ಆವತ್ತೇ.

ಸುಸ್ತಾಗುವುದಿಲ್ವಾ ಅಂತ ಕೇಳುವವರಿಗೆ: ಆಗುತ್ತದೆ. ಮೊಣಗಂಟು ಹಿಡಿಯುತ್ತದೆ. ಅದಕ್ಕೆ ಎತ್ತಿಕೊಳ್ಳುವುದನ್ನು ಬಿಟ್ಟಿದ್ದೇನೆ, ಬೇಕಿದ್ದರೆ ನಾನು ಕೂತ ಮೇಲೆ ಅವಳೇ ಮಡಿಲಿಗೆ ಹತ್ತುತ್ತಾಳೆ. ಸೊಸೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ನಾನು ಮಗುವಿನ ಸುದ್ದಿಗೆ ಹೋಗುವುದಿಲ್ಲ, ಅತ್ತರೂ ಹೋಗುವುದಿಲ್ಲ. ಮೊದಮೊದಲು ಇದೇ ಕಷ್ಟವಾಗಿತ್ತು.

ಈಗ ಸೊಸೆಗೆ ಇನ್ನೊಂದು ಹೆರಿಗೆ ಹತ್ತಿರ ಬಂದಿದೆ. "ಅಮ್ಮೇ, ಇದನ್ನೂ ನೋಡಿಕೊಳ್ತೀರಾ?" ಅಂತ ಸಣ್ಣ ಸ್ವರದಲ್ಲಿ ಕೇಳಿದಳು. ನೋಡುತ್ತೇನೆ, ಆದರೆ ಭಾನುವಾರ ನನಗೆ ಪೂರ್ತಿ ರಜೆ ಅಂದೆ. ಮಗ ನಕ್ಕ. ನಾನು ತಮಾಷೆ ಮಾಡಿದ್ದಲ್ಲ ಅಂತ ಅವನಿಗೆ ಇನ್ನೊಮ್ಮೆ ಹೇಳಲಿಕ್ಕಿದೆ.