ಎ4 ಬಿಲ್ಲಿನ ಹಿಂದೆ ಬರುತ್ತಿದ್ದ ಖಾಲಿ ಹಾಳೆ

ವೆಬ್ ಪುಟವಾಗಿ ಪರದೆಯಲ್ಲಿ ಸರಿಯಿದ್ದ ಬಿಲ್ಲನ್ನು ಎ4ನಲ್ಲಿ ಪ್ರಿಂಟ್ ಕೊಟ್ಟರೆ ಹಿಂದೊಂದು ಖಾಲಿ ಹಾಳೆ. ಕಾರಣ ಎತ್ತರ. ವೆಬ್ ಪುಟದ ರೂಪ, ಅಳತೆ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ 1 ಇಂಚು ಎಂದರೆ 96 ಪಿಕ್ಸೆಲ್, 72 ಪಾಯಿಂಟ್, 25.4 ಮಿ.ಮೀ.; ಪ್ರಿಂಟರ್‌ನ ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಎಷ್ಟೇ ಇರಲಿ, ಈ ಲೆಕ್ಕ ಬದಲಾಗದು. ಹಾಗಾಗಿ ಎ4 ಹಾಳೆಯ 297 ಮಿ.ಮೀ. ಎತ್ತರ ಎಂದರೆ 297 × 96 ÷ 25.4 = 1122.52 ಪಿಕ್ಸೆಲ್. ಮಾರ್ಜಿನ್ 0 ಇದ್ದ ಪುಟದಲ್ಲಿ ಬಿಲ್ಲಿನ ಬಾಕ್ಸಿನ ಎತ್ತರ 1123 ಪಿಕ್ಸೆಲ್ ಎಂದಿತ್ತು. ಹೆಚ್ಚಾದದ್ದು ಅರ್ಧ ಪಿಕ್ಸೆಲ್ಲಿಗೂ ಕಡಿಮೆ, ಆದರೂ ಮುಂದಿನ ಹಾಳೆಗೆ ಉಕ್ಕಲು ಅಷ್ಟು ಸಾಕು.

ಪ್ರಿಂಟ್ ಮೀಡಿಯಾ ಕ್ವೆರಿಯಲ್ಲಿ (ಪ್ರಿಂಟ್ ಮಾಡುವಾಗ ಮಾತ್ರ ಅನ್ವಯಿಸುವ ಸಿಎಸ್‌ಎಸ್ ಭಾಗ) ಬಾಕ್ಸಿನ ಹೈಟ್, ವಿಡ್ತ್ ಎರಡನ್ನೂ ಆಟೊ ಮಾಡಿದೆ, ಅಂದರೆ ಒಳಗಿನದಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳಲಿ ಎಂದು. ಹಾಳೆಯ ಅಳತೆ ಹೇಳುವ ಅಟ್-ಪೇಜ್ (@page) ನಿಯಮದಲ್ಲಿ ಸೈಜ್ ಎ4, ಮಾರ್ಜಿನ್ 12 ಮಿ.ಮೀ.; ಒಳಗೆ 186 × 273 ಮಿ.ಮೀ. ಉಳಿಯುತ್ತದೆ. ರೆಮ್ ಎಂಬುದು ಪುಟದ ಮೂಲ ಅಕ್ಷರ ಗಾತ್ರವನ್ನು (ರೂಟ್ ಫಾಂಟ್) ಆಧರಿಸಿದ ಅಳತೆ; 1 ರೆಮ್ ಎಂದರೆ ಸಾಮಾನ್ಯವಾಗಿ 16 ಪಿಕ್ಸೆಲ್, ಅಂದರೆ 12 ಪಾಯಿಂಟ್. ಕಾಗದಕ್ಕೆ ಆ ಅಕ್ಷರ ದೊಡ್ಡದು. ಪ್ರಿಂಟಿಗೆ ಮಾತ್ರ ರೂಟ್ ಫಾಂಟ್ 10 ಪಾಯಿಂಟ್ ಮಾಡಿದರೆ ರೆಮ್‌ನಲ್ಲಿರುವುದೆಲ್ಲ ತಾನೇ ಕುಗ್ಗುತ್ತದೆ. ಅಳೆದು ನೋಡುವಾಗ ಪ್ರಿಂಟ್ ಡೈಲಾಗ್‌ನಲ್ಲಿ ಸ್ಕೇಲ್ 100% ಇರಲಿ.