ಸತ್ತ ಹಾಗೆ ಬೀಳುವುದಕ್ಕೆ ಯಾವ ಚೆಕ್?

ಭಾನುವಾರ ಸಂಜೆ ನಮ್ಮ ಮನೆಯ ಹಾಲ್‌ನಲ್ಲಿ ಐದು ಜನ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದು ಪಾತ್ರವಾಗಿ ಕಥೆ ಕಟ್ಟುವ ಆಟ ಇದು. ಪಾತ್ರ ಮಾಡಹೊರಟ ಕೆಲಸ ಆಗುತ್ತದೋ ಇಲ್ಲವೋ ಅಂತ ತಿಳಿಯಲು 20 ಮುಖದ ದಾಳ ಹಾಕುವುದಕ್ಕೆ ಚೆಕ್ ಅನ್ನುತ್ತೇವೆ. ಆಟ ನಡೆಸುವ ಡಿಎಂ ನಾನು. ಕಳೆದ ತಿಂಗಳು ಒಂದು ಗುಹೆಯಲ್ಲಿ ನಮ್ಮ ರೋಗ್ (ಕಳ್ಳತನ, ಮೋಸದಲ್ಲಿ ಪಳಗಿದ ಪಾತ್ರ) ಒಂಟಿಯಾಗಿ ಸಿಕ್ಕಿಬಿದ್ದಳು. ಎದುರಿಂದ ಓಗರ್ ಅನ್ನುವ ದೈತ್ಯ ಬರುತ್ತಿದೆ, ಓಡಲು ಜಾಗವಿಲ್ಲ. ಆ ಪಾತ್ರ ಆಡುವ ಹುಡುಗಿ ಸ್ವಲ್ಪ ಯೋಚಿಸಿ, "ಇಲ್ಲಿ ಹೆಣಗಳು ಬಿದ್ದಿವೆ ಅಲ್ವಾ? ನಾನೂ ಸತ್ತ ಹಾಗೆ ಬಿದ್ಕೋತೀನಿ" ಅಂದಳು.

ಎಲ್ಲರೂ ನನ್ನ ಮುಖ ನೋಡಿದರು. ಪಾತ್ರದ ಹಾಳೆಯಲ್ಲಿ 18 ಸ್ಕಿಲ್, ಅಂದರೆ ಕೌಶಲಗಳು, ಇವೆ. ಸತ್ತ ಹಾಗೆ ಬೀಳುವುದು ಅದರಲ್ಲಿಲ್ಲ. ಡಿಸೆಪ್ಷನ್ನಾ (ಮೋಸ), ಪರ್ಫಾರ್ಮೆನ್ಸಾ (ನಟನೆ), ಸ್ಟೆಲ್ತಾ (ಕಣ್ಣಿಗೆ ಬೀಳದೆ ಅಡಗುವುದು)? ಮೂರಕ್ಕೂ ವಾದ ಹೂಡಬಹುದು.

ಇಂಥ ಹೊತ್ತಿನಲ್ಲಿ ಹಾಳೆ ನೋಡಬೇಡಿ. ಮೊದಲು ಆಟಗಾರರನ್ನು "ಹೇಗೆ ಮಾಡ್ತೀಯ?" ಅಂತ ಕೇಳಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಈ ಕೆಲಸ ಕೆಟ್ಟರೆ ಎಲ್ಲಿ ಕೆಡುತ್ತದೆ? ಕೆಡುವ ಜಾಗ ಸಿಕ್ಕಿದರೆ ಚೆಕ್ ಸಿಕ್ಕಿದ ಹಾಗೆ.

ಅವಳು ಹೇಳಿದ್ದು ಹೀಗೆ. ಬೋರಲು ಬೀಳುತ್ತಾಳೆ, ಉಸಿರು ಬಿಗಿಹಿಡಿಯುತ್ತಾಳೆ, ಓಗರ್ ದಾಟಿಹೋಗುವವರೆಗೆ ಅಲುಗುವುದಿಲ್ಲ. ಉಸಿರಿಗೆ ದಾಳ ಹಾಕಿಸುವ ಅಗತ್ಯವೇ ಇಲ್ಲ. 2014ರ ನಿಯಮದ ಪ್ರಕಾರ ಒಂದು ನಿಮಿಷಕ್ಕೆ ಕಾನ್‌ಸ್ಟಿಟ್ಯೂಷನ್ (ಮೈಯ ತಾಳಿಕೆ) ಮಾಡಿಫೈಯರ್, ಅಂದರೆ ಆ ಗುಣಕ್ಕೆ ದಾಳದ ಜೊತೆ ಸೇರುವ ಅಂಕಿ, ಕೂಡಿಸಿದರೆ ಎಷ್ಟೋ ಅಷ್ಟು ನಿಮಿಷ ಉಸಿರು ಹಿಡಿಯಬಹುದು. ಅವಳದ್ದು +1, ಅಂದರೆ ಎರಡು ನಿಮಿಷ. ಸಾಕು. ಆದರೆ ನನ್ನ ಓಗರ್ ಹಸಿದಿದೆ. ಪ್ರತಿ ಹೆಣವನ್ನೂ ದೊಣ್ಣೆಯಿಂದ ತಿವಿದು ನೋಡುತ್ತದೆ. ಪಕ್ಕೆಗೆ ತಿವಿದಾಗ ನರಳದೆ ಇರಬೇಕು. ಕೆಡುವ ಜಾಗ ಅದು. ಹಾಗಾಗಿ ಕಾನ್‌ಸ್ಟಿಟ್ಯೂಷನ್ ಚೆಕ್ ಕೇಳಿದೆ. ಅವಳಿಗೆ ಡಿಸೆಪ್ಷನ್‌ನಲ್ಲಿ ಪ್ರೊಫಿಶಿಯೆನ್ಸಿ (ಪಳಗಿದ್ದಕ್ಕೆ ಸಿಗುವ ಹೆಚ್ಚುವರಿ ಅಂಕಿ) ಇದೆ, ಮೋಸ ಮಾಡಿ ಪಳಗಿದ ಮೈ ಅದು. ಅದರ +2 ಕೂಡಿಸಿಕೋ ಅಂದೆ.

ಅವಳು ಬೇರೆ ಥರ ಹೇಳಿದ್ದರೆ ಚೆಕ್ ಕೂಡ ಬೇರೆ ಆಗುತ್ತಿತ್ತು. ಹೆಣದ ರಕ್ತ ಬಳಿದುಕೊಂಡು ಹಳೇ ಗಾಯದ ಹಾಗೆ ಕಾಣಿಸುತ್ತೇನೆ ಅಂದಿದ್ದರೆ, ಗಾಯ ನಿಜ ಅನಿಸಬೇಕು. ಆಗ ಇಂಟೆಲಿಜೆನ್ಸ್ ಜೊತೆ ಮೆಡಿಸಿನ್. ಓಗರ್ ನೋಡುವ ಮೊದಲೇ ಹೆಣಗಳ ಅಡಿಗೆ ನುಸುಳುತ್ತೇನೆ ಅಂದಿದ್ದರೆ ಡೆಕ್ಸ್‌ಟೆರಿಟಿ (ಮೈಯ ಚುರುಕು) ಜೊತೆ ಸ್ಟೆಲ್ತ್. ಉಪಾಯ ಒಂದೇ, ಮಾಡುವ ರೀತಿ ಮೂರು.

ಸ್ಕಿಲ್ ಒಂದೊಂದೂ ಒಂದೇ ಅಬಿಲಿಟಿಗೆ (ಸ್ಟ್ರೆಂತ್, ಇಂಟೆಲಿಜೆನ್ಸ್ ಥರದ ಮೂಲ ಗುಣಕ್ಕೆ) ಅಂಟಿಕೊಂಡಿದೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಹಾಳೆಯಲ್ಲಿ ಹಾಗೆ ಅಚ್ಚಾಗಿರುತ್ತದೆ, ನಿಜ. ಆದರೆ ಬೇರೆ ಜೋಡಿ ಮಾಡಲು ನಿಯಮ ಪುಸ್ತಕವೇ ದಾರಿ ಬಿಟ್ಟಿದೆ. ದ್ವೀಪದಿಂದ ದಡದವರೆಗೆ ಈಜುವುದಕ್ಕೆ ಸ್ಟ್ರೆಂತ್ ಬದಲು ಕಾನ್‌ಸ್ಟಿಟ್ಯೂಷನ್ ಜೊತೆ ಅಥ್ಲೆಟಿಕ್ಸ್ ಅನ್ನುವ ಉದಾಹರಣೆ ಅದರಲ್ಲೇ ಇದೆ. ಅಬಿಲಿಟಿಯನ್ನು ನೀವು ಹೇಳಿ. ಯಾವ ಸ್ಕಿಲ್ ಹೊಂದುತ್ತದೆ ಅಂತ ಆಟಗಾರರು ಸೂಚಿಸಲಿ. ಇದರಿಂದ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಉಳಿದರ್ಧ ಜಗಳ ಇನ್ನೊಂದು ಥರದ್ದು. "ನಂಗೆ ಅಕ್ರೊಬ್ಯಾಟಿಕ್ಸ್ +7 ಇದೆ, ಅದ್ರಲ್ಲೇ ಹಾಕ್ಲಾ?" ಬೇಡ ಅನ್ನಬೇಡಿ. "ಹೇಗೆ ಅಂತ ಹೇಳು" ಅನ್ನಿ. ಕಾವಲುಗಾರನ ಮನಸ್ಸು ಗೆಲ್ಲಲು ಬರೀ ಪಲ್ಟಿ ಹೊಡೆಯುತ್ತೇನೆ ಅಂದರೆ ಕೆಡುವ ಜಾಗ ಇನ್ನೂ ಅವನ ಮನಸ್ಸೇ, ಚೆಕ್ ಬದಲಾಗುವುದಿಲ್ಲ. ಮಾತು ಬಿಟ್ಟು ಅವನ ತಲೆಯ ಮೇಲಿಂದಲೇ ಗೋಡೆ ದಾಟುತ್ತೇನೆ ಅಂದರೆ ಬದಲಾಗುತ್ತದೆ.

ಈಗ ನನಗೆ ತುಂಬ ಮುಖ್ಯ ಅನಿಸುವ ವಿಷಯ. ಒಂದು ಉಪಾಯಕ್ಕೆ ಒಂದೇ ಚೆಕ್. ಮೊದಲ ವರ್ಷ ನಮ್ಮ ಡ್ರೂಯಿಡ್ (ಪ್ರಕೃತಿಯ ಮಂತ್ರ ಬಲ್ಲ ಪಾತ್ರ) ಒಂದು ಒಳ್ಳೇ ಯೋಚನೆ ಮಾಡಿದ್ದ. ಹಳ್ಳಿಯ ಎತ್ತುಗಳನ್ನು ದೊಡ್ಡಿಯಿಂದ ಬಿಟ್ಟು ಕಳ್ಳರ ಬಿಡಾರದ ಮೇಲೆ ಓಡಿಸುವುದು. ನಾನು ಬೀಗಕ್ಕೊಂದು, ಸದ್ದಾಗದ ಹಾಗೆ ಹೋಗುವುದಕ್ಕೊಂದು, ಎತ್ತು ತಿರುಗಿಸುವುದಕ್ಕೊಂದು ಚೆಕ್ ಹಾಕಿಸಿದೆ. ಒಂದೊಂದರಲ್ಲೂ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಇದ್ದರೂ ಮೂರನ್ನೂ ಗೆಲ್ಲುವ ಸಾಧ್ಯತೆ ಸುಮಾರು 22ಕ್ಕೆ ಇಳಿಯುತ್ತದೆ. ಅವನು ಎರಡನೆಯದರಲ್ಲೇ ಸೋತ. ಆಮೇಲೆ ಎಷ್ಟೋ ವಾರ ಅವನು ಬರೀ "ಕತ್ತಿ ಬೀಸ್ತೀನಿ" ಅನ್ನುತ್ತಿದ್ದ. ಅದು ನನ್ನ ತಪ್ಪು, ಇವತ್ತಿಗೂ ಬೇಜಾರಿದೆ. ಈಗಾದರೆ ಮುಂದಾಳು ಎತ್ತನ್ನು ತಿರುಗಿಸುವುದಕ್ಕೆ ಮಾತ್ರ ವಿಸ್ಡಂ ಜೊತೆ ಅನಿಮಲ್ ಹ್ಯಾಂಡ್ಲಿಂಗ್ ಕೇಳುತ್ತೇನೆ. ಬೀಗ, ಕತ್ತಲು ಎಲ್ಲ ಕಥೆಯಲ್ಲಿ ಸಾಗಿಹೋಗುತ್ತವೆ.

ಸೋತರೆ ಏನೂ ಆಗದು ಅನ್ನುವ ಕಡೆ ದಾಳ ಬೇಡವೇ ಬೇಡ. ಸಾರಿನ ರುಚಿ ನೋಡಿ ಯಾವ ಸೊಪ್ಪು ಹಾಕಿದ್ದಾರೆ ಅಂತ ಮೂಲಿಕೆ ಬಲ್ಲ ಪಾತ್ರ ಕೇಳಿದರೆ ಸುಮ್ನೆ ಹೇಳಿಬಿಡಿ.

ಡಿಸಿಗೆ, ಅಂದರೆ ಚೆಕ್ ಗೆಲ್ಲಲು ಮುಟ್ಟಬೇಕಾದ ಅಂಕಿಗೆ, 10, 15, 20 ಈ ಮೂರೇ ಸಾಕು: ಸುಲಭ, ಮಧ್ಯಮ, ಕಷ್ಟ. ದಾಳ ಉರುಳುವ ಮೊದಲೇ ಅಂಕಿ ಹೇಳಿ, ಸೋತರೆ ಏನಾಗುತ್ತದೆ ಅಂತಲೂ ಒಂದು ಸುಳಿವು ಕೊಡಿ. ಉಪಾಯ ಚೆನ್ನಾಗಿದೆ ಅಂತ ಡಿಸಿ ಇಳಿಸಬೇಡಿ, ಅಡ್ವಾಂಟೇಜ್ ಕೊಡಿ, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಹಿಡಿಯಲು ಬಿಡಿ. ಮಾಡಿಫೈಯರ್ ಸೊನ್ನೆ ಇರುವವರು 15 ಮುಟ್ಟುವ ಸಾಧ್ಯತೆ ನೂರಕ್ಕೆ 30. ಅಡ್ವಾಂಟೇಜ್ ಇದ್ದರೆ ಅದು 51 ಆಗುತ್ತದೆ. ಕೈಯಲ್ಲಿ ಎರಡನೇ ದಾಳ ಸಿಕ್ಕಾಗಿನ ಖುಷಿಯೇ ಬೇರೆ. ಕೊಟ್ಟ ತೀರ್ಪನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ಸಲ ಇನ್ನೊಬ್ಬರು ಇದನ್ನೇ ಮಾಡಿದಾಗ ಅದೇ ಚೆಕ್ ಕೊಡಬೇಕಲ್ಲ.

ನಮ್ಮ ರೋಗ್‌ಗೆ ಡಿಸಿ 15 ಇಟ್ಟೆ. ದಾಳದಲ್ಲಿ 11 ಬಿತ್ತು, 3 ಕೂಡಿಸಿ 14. ದೊಣ್ಣೆ ತಾಗಿದಾಗ ಅವಳು ಸಣ್ಣಗೆ ಮುಲುಗಿದಳು. ಓಗರ್ ಬಗ್ಗಿ ನೋಡಿತು. ಮೈ ಇನ್ನೂ ಬೆಚ್ಚಗಿದೆ, ತಾಜಾ ಮಾಂಸ. ಹೆಗಲ ಮೇಲೆ ಹಾಕಿಕೊಂಡು ಸೀದಾ ತನ್ನ ಗೂಡಿಗೆ ನಡೆಯಿತು. ಮೂರು ವಾರದಿಂದ ನಾವೆಲ್ಲ ಹುಡುಕುತ್ತಿದ್ದುದು ಅದೇ ಗೂಡನ್ನು.